ನಗರದ ಸರ್ಕಾರಿ ಶಾಲೆಗೆ ತಂತ್ರಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸರ್ಕಾರಿ ಮತ್ತು ಪಾಲಿಕೆ ಶಾಲೆಗಳಿಗೆ ಕಂಪ್ಯೂಟರ್ ಕೊಡಿಸಲು ಮುಂದೆ ಬರುವ ದಾನಿಗಳು, ಅದನ್ನು ಬರಮಾಡಿಕೊಳ್ಳಬೇಕಾದ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಶಾಲೆಯ ಕಂಪ್ಯೂಟರ್ ಕೋಣೆಗೆ ಸದಾ ಬೀಗ ಏಕೆ ಎಂದು ಕೇಳುವ ಪೋಷಕರು, ಇವರೆಲ್ಲ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನ ಶಾಲೆಗಳಿಗೂ ಬಹುಪಾಲು ಹೊಂದುತ್ತವೆ.

ಐಟಿ ರಾಜಧಾನಿ ಎನಿಸಿಕೊಂಡ ಊರಿನಲ್ಲೇ ಸರ್ಕಾರಿ ಶಾಲೆಗೆ ತಂತ್ರಜ್ಞಾನ ತರುವುದು ಇಷ್ಟು ಕಷ್ಟವೇಕೆ?

ದೊಡ್ಡ ಕಂಪನಿಗಳು ಪಕ್ಕದ ರಸ್ತೆಯಲ್ಲೇ ಇದ್ದರೂ ಶಾಲೆಯ ಒಳಗಿನ ಸ್ಥಿತಿ ಅದರಿಂದ ಬದಲಾಗುವುದಿಲ್ಲ, ಮತ್ತು ಹಳ್ಳಿಯ ಶಾಲೆಗಿಲ್ಲದ ಕೆಲವು ತೊಡಕುಗಳು ನಗರದ ಶಾಲೆಗಿವೆ. ಮೊದಲನೆಯದು ಜಾಗ. ಹಳೇ ಬಡಾವಣೆಗಳಲ್ಲಿ ಒಂದೇ ಕಾಂಪೌಂಡಿನೊಳಗೆ ಕನ್ನಡ, ಉರ್ದು, ತಮಿಳು ಮಾಧ್ಯಮದ ಶಾಲೆಗಳು ಬೇರೆ ಬೇರೆ ಮುಖ್ಯ ಶಿಕ್ಷಕರ ಕೈಕೆಳಗೆ ನಡೆಯುವುದುಂಟು. ಅಂಥ ಕಡೆ ಕಂಪ್ಯೂಟರಿಗೆಂದು ಒಂದು ಕೋಣೆ ಬಿಟ್ಟುಕೊಟ್ಟರೆ ಒಂದು ತರಗತಿ ವರಾಂಡಕ್ಕೆ ಬರುತ್ತದೆ.

ಎರಡನೆಯದು ಮಕ್ಕಳ ಅಲೆದಾಟ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದಲೂ ಹೊರರಾಜ್ಯಗಳಿಂದಲೂ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಜೂನ್‌ನಲ್ಲಿ ಒಂದು ಶಾಲೆಗೆ ಸೇರಿ, ಮೇಸ್ತ್ರಿ ಸೈಟ್ ಬದಲಾಯಿಸಿದ ಕೂಡಲೇ ಊರಿನ ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಒಂದೊಂದು ಮಗುವಿನ ಹೆಸರಿಗೂ ಲಾಗಿನ್ ಮಾಡಿ ವರ್ಷವಿಡೀ ಅದರ ಪ್ರಗತಿ ಅಳೆಯುವ ತಂತ್ರಾಂಶ ಇಂಥ ತರಗತಿಯಲ್ಲಿ ಅರ್ಧ ಹಾದಿಯಲ್ಲೇ ನಿಲ್ಲುತ್ತದೆ.

ಮೂರನೆಯದು ಶಾಲೆ ಯಾರದು ಎಂಬ ಪ್ರಶ್ನೆ. ಬಹುಪಾಲು ಶಾಲೆಗಳು ಶಿಕ್ಷಣ ಇಲಾಖೆಯವು, ಕೆಲವು ಪಾಲಿಕೆಯವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಯಾವ ಶಾಲೆಯ ಒಪ್ಪಂದಕ್ಕೆ ಯಾವ ಕಚೇರಿ ಸಹಿ ಹಾಕಬೇಕೆಂಬುದನ್ನು ದಾನಿಗಳು ಮೊದಲೇ ವಿಚಾರಿಸಿಕೊಳ್ಳಬೇಕು.

ಸರ್ಕಾರ ಈ ಹಿಂದೆ ಕೊಟ್ಟ ಕಂಪ್ಯೂಟರ್‌ಗಳೆಲ್ಲ ಏನಾದವು?

2000ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಎಂಬ ಯೋಜನೆಯಡಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. 2004ರ ಡಿಸೆಂಬರ್‌ನಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ ಶುರುವಾಗಿ, 2010ರಲ್ಲಿ ಪರಿಷ್ಕರಣೆಗೊಂಡು, 2018ರಲ್ಲಿ ‘ಸಮಗ್ರ ಶಿಕ್ಷಣ’ ಎಂಬ ಕೇಂದ್ರದ ದೊಡ್ಡ ಶಾಲಾ ಯೋಜನೆಯೊಳಗೆ ಸೇರಿತು. ಕರ್ನಾಟಕದಲ್ಲಿ ಇದರ ಒಂದು ದೊಡ್ಡ ಹಂತ ನಡೆದದ್ದು ‘ಬೂಟ್’ ಮಾದರಿಯಲ್ಲಿ. ಅಂದರೆ ಖಾಸಗಿ ಸಂಸ್ಥೆಯೊಂದು ಲ್ಯಾಬ್ ಕಟ್ಟಿಕೊಟ್ಟು, ತನ್ನದೇ ಬೋಧಕರನ್ನು ನೇಮಿಸಿ, ಐದು ವರ್ಷ ನಡೆಸಿ, ಬಳಿಕ ಎಲ್ಲವನ್ನೂ ಶಾಲೆಗೆ ಹಸ್ತಾಂತರಿಸಿ ಹೊರಡಬೇಕು.

ಕಾಗದದ ಮೇಲೆ ಇದು ಚೆಂದದ ಏರ್ಪಾಡು. ಆದರೆ ಗುತ್ತಿಗೆಯ ಬೋಧಕರು ಇದ್ದಷ್ಟು ದಿನ ಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಲ್ಯಾಬಿನೊಳಕ್ಕೆ ಕಾಲಿಡಬೇಕಾದ ಪ್ರಮೇಯವೇ ಬರಲಿಲ್ಲ. ಕಂಪ್ಯೂಟರ್ ಒಂದು ಬೇರೆಯೇ ವಿಷಯವಾಗಿ, ಬೇರೆಯೇ ಕೋಣೆಯಲ್ಲಿ, ಬೇರೆಯೇ ಜನರ ಪಾಲಾಯಿತು. ಗುತ್ತಿಗೆ ಮುಗಿದು ಬೋಧಕರು ಹೋದ ದಿನ ಬೀಗದ ಕೈ ಬಂದು ಸೇರಿದ್ದು ಅದುವರೆಗೂ ಮೌಸ್ ಹಿಡಿಯದವರ ಕೈಗೆ. ಹಾಗೆ ನಿಂತುಹೋದ ಲ್ಯಾಬಿಗೆ ಈಗ ಹೋದರೆ ಕಾಣುವುದು ಒಂದೇ ಬಗೆಯ ನೋಟ: ಮಾನಿಟರುಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಕವರು, ಉಬ್ಬಿಕೊಂಡ ಯುಪಿಎಸ್ ಬ್ಯಾಟರಿ, ಇಲಿ ಕಡಿದ ನೆಟ್‌ವರ್ಕ್ ವೈರು, ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಪಠ್ಯಪುಸ್ತಕಗಳು ಮತ್ತು ಚುನಾವಣೆಗೆ ಬಳಸಿದ ಬೆಂಚುಗಳು.

2016–17ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ, ಶಿಕ್ಷಕರ ಬಾಯಲ್ಲಿ ‘ಟಾಲ್ಪ್’, ಈ ತಪ್ಪನ್ನು ತಿದ್ದಲು ಹೊರಟಿತು. ಬೋಧಕರನ್ನು ಹೊರಗಿನಿಂದ ತರುವ ಬದಲು ಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ಕೊಡುವುದು ಅದರ ದಾರಿ. ನಮ್ಮ ಅಭಿಪ್ರಾಯದಲ್ಲಿ ಇದುವರೆಗಿನ ಯೋಜನೆಗಳಲ್ಲಿ ದಿಕ್ಕು ಸರಿಯಿದ್ದದ್ದು ಇದಕ್ಕೇ. ಆದರೆ ತರಬೇತಿ ಪಡೆದ ಶಿಕ್ಷಕರು ಲ್ಯಾಬ್ ಇಲ್ಲದ ಶಾಲೆಗೆ ವರ್ಗವಾಗುವುದೂ, ಲ್ಯಾಬ್ ಇರುವ ಶಾಲೆಗೆ ತರಬೇತಿಯಿಲ್ಲದವರು ಬರುವುದೂ ನಡೆದೇ ಇದೆ.

ಹಣದ ಕೊರತೆಯೇ ಮುಖ್ಯ ಕಾರಣವೇ?

ಕೊಳ್ಳಲು ಹಣ ಸಿಗುತ್ತದೆ, ಉಳಿಸಿಕೊಳ್ಳಲು ಸಿಗುವುದಿಲ್ಲ. ಸಮಗ್ರ ಶಿಕ್ಷಣದ ಐಸಿಟಿ ಭಾಗದಲ್ಲಿ, 6ರಿಂದ 12ನೇ ತರಗತಿಗಳಿರುವ ಶಾಲೆಗೆ ಲ್ಯಾಬ್ ಕಟ್ಟಲು ಒಂದು ಸಲಕ್ಕೆ 6.40 ಲಕ್ಷ ರೂಪಾಯಿವರೆಗೆ, ನಡೆಸಲು ವರ್ಷಕ್ಕೆ 2.40 ಲಕ್ಷದವರೆಗೆ ಕೊಡಲು ಅವಕಾಶವಿದೆ. ಆದರೆ ಈ ವಾರ್ಷಿಕ ನೆರವು ಐದು ವರ್ಷಕ್ಕಷ್ಟೇ. ಬ್ಯಾಟರಿ ಸಾಯುವುದು, ಹಾರ್ಡ್ ಡಿಸ್ಕ್ ಕೆಡುವುದು, ಪ್ರೊಜೆಕ್ಟರ್ ದೀಪ ಮಂಕಾಗುವುದು, ಹಳೇ ಯಂತ್ರ ಹೊಸ ತಂತ್ರಾಂಶವನ್ನು ತಾಳಲಾರದೆ ತೆವಳುವುದು, ಇವೆಲ್ಲ ಆ ಐದು ವರ್ಷ ಮುಗಿಯುವ ಹೊತ್ತಿಗೇ ಒಟ್ಟಾಗಿ ಎದುರಾಗುತ್ತವೆ.

ಆಮೇಲೆ ಉಳಿಯುವುದು ಶಾಲಾ ಸಂಯುಕ್ತ ಅನುದಾನ. ಮಕ್ಕಳ ಸಂಖ್ಯೆ 100ರಿಂದ 250ರೊಳಗಿದ್ದರೆ ಇದು ವರ್ಷಕ್ಕೆ 50,000 ರೂಪಾಯಿ. 30ರಿಂದ 100ರೊಳಗಿದ್ದರೆ 25,000. ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ತೆಗೆದಿಟ್ಟು, ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ ರಿಪೇರಿ, ರಾಷ್ಟ್ರೀಯ ಹಬ್ಬಗಳ ಖರ್ಚು ಎಲ್ಲವನ್ನೂ ತೂಗಿಸಬೇಕಾದ ಮುಖ್ಯ ಶಿಕ್ಷಕರಿಗೆ ಯುಪಿಎಸ್ ಬ್ಯಾಟರಿಯ ಸರದಿ ಕೊನೆಗೇ ಬರುವುದು ಸಹಜ.

ವಿದ್ಯುತ್ತು, ಇಂಟರ್ನೆಟ್ಟು ನಗರದಲ್ಲಿ ಸಮಸ್ಯೆಯೇ ಅಲ್ಲವಲ್ಲ?

ಸಂಪರ್ಕ ಇದೆ ಎಂಬುದೂ ಅದು ಲ್ಯಾಬಿನ ಹೊರೆಯನ್ನು ತಾಳುತ್ತದೆ ಎಂಬುದೂ ಬೇರೆ ಬೇರೆ ವಿಷಯಗಳು. ಫ್ಯಾನು, ಟ್ಯೂಬ್‌ಲೈಟಿಗೆಂದು ದಶಕಗಳ ಹಿಂದೆ ಎಳೆದ ವೈರಿಂಗಿಗೆ ಹತ್ತು ಕಂಪ್ಯೂಟರ್ ಜೋಡಿಸಿದರೆ ಫ್ಯೂಸ್ ಹೋಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಯಂತ್ರಗಳಿಗೆ ಆರ್ಡರ್ ಕೊಡುವ ಮೊದಲು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಲೋಡ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸಿ, ಅದರ ಖರ್ಚನ್ನೂ ಅಂದಾಜು ಪಟ್ಟಿಗೆ ಸೇರಿಸಬೇಕು.

ಕರೆಂಟ್ ಬಿಲ್ಲಿನ ಭಯ ಮಾತ್ರ ಈಚೆಗೆ ಇಳಿದಿದೆ. 2023ರ ನವೆಂಬರ್ 1ರಂದು ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಮತ್ತು ನೀರು ಉಚಿತವೆಂದು ಘೋಷಿಸಿತು. ಇಂಟರ್ನೆಟ್ಟಿಗೆ ಅಂಥ ಏರ್ಪಾಡಿಲ್ಲದ ಕಡೆ ಪಾಠ ನಡೆಯುವುದು ಶಿಕ್ಷಕರ ಮೊಬೈಲ್ ಹಾಟ್‌ಸ್ಪಾಟ್ ಮೇಲೆ, ಅವರದೇ ರೀಚಾರ್ಜ್ ಹಣದಲ್ಲಿ.

ಬೇಸಿಗೆ ರಜೆಯಲ್ಲಿ ಕಳ್ಳತನವಾದರೆ ಹೊಣೆ ಯಾರದು?

ದಾಸ್ತಾನು ರಿಜಿಸ್ಟರಿನಲ್ಲಿ ಸಹಿ ಹಾಕಿದವರದು, ಅಂದರೆ ಮುಖ್ಯ ಶಿಕ್ಷಕರದು. ರಾತ್ರಿ ಕಾವಲುಗಾರರಿಲ್ಲದ, ಗ್ರೂಪ್ ಡಿ ಹುದ್ದೆ ಖಾಲಿಯಿರುವ ಶಾಲೆಯಲ್ಲಿ ಲ್ಯಾಪ್‌ಟಾಪ್ ಕಳೆದರೆ ಪೊಲೀಸ್ ದೂರು, ಇಲಾಖಾ ವಿಚಾರಣೆ ಎಲ್ಲವೂ ಅವರ ತಲೆಗೇ ಬರುವುದರಿಂದ, ಯಂತ್ರಗಳನ್ನು ಮಕ್ಕಳ ಕೈಗೆ ಕೊಡುವುದಕ್ಕಿಂತ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವರಿಗೆ ಕ್ಷೇಮವೆನಿಸುತ್ತದೆ. ಇದನ್ನು ಅಸಡ್ಡೆ ಎಂದು ಬೈಯುವವರು ಆ ಜಾಗದಲ್ಲಿ ನಿಂತು ಯೋಚಿಸಿದರೆ ಒಳ್ಳೆಯದು. ದಾನಿಗಳು ಕಬ್ಬಿಣದ ಗ್ರಿಲ್ಲು ಮತ್ತು ವಿಮೆಯ ಕಂತನ್ನೂ ಕೊಡುಗೆಯೊಳಗೆ ಸೇರಿಸಿದರೆ ಬೀಗ ತೆರೆಯುವ ಸಂಭವ ಹೆಚ್ಚು.

ಶಿಕ್ಷಕರೇ ತಂತ್ರಜ್ಞಾನವನ್ನು ವಿರೋಧಿಸುತ್ತಾರೆ ಎಂಬ ಮಾತು ನಿಜವೇ?

ಮೊಬೈಲ್ ಇಲ್ಲದೆ ಇಂದಿನ ಸರ್ಕಾರಿ ಶಾಲೆಯ ಶಿಕ್ಷಕರ ದಿನ ನಡೆಯುವುದೇ ಇಲ್ಲ. ಎಸ್‌ಎಟಿಎಸ್ ಎಂಬ ರಾಜ್ಯದ ಜಾಲತಾಣದಲ್ಲಿ ಮಕ್ಕಳ ವಿವರ, ಕೇಂದ್ರಕ್ಕೆ ಕೊಡುವ ಯುಡೈಸ್ ಶಾಲಾ ಮಾಹಿತಿ, ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆ ವಿತರಣೆಯ ವರದಿ, ಆನ್‌ಲೈನ್ ತರಬೇತಿಯ ಪ್ರಮಾಣಪತ್ರ, ಇವುಗಳ ನಡುವೆ ಸಮೂಹ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಗ್ರೂಪಿನಲ್ಲಿ ‘ತುರ್ತು, ಇಂದೇ ಸಲ್ಲಿಸಿ’ ಎಂಬ ಸಂದೇಶ. ಪಾಠದ ನಡುವೆ ಓಟಿಪಿಗಾಗಿ ಕಾಯುತ್ತ, ಕಪ್ಪುಹಲಗೆಗೆ ಬೆನ್ನು ಹಾಕಿ ನಿಂತ ಶಿಕ್ಷಕಿಯನ್ನು ನೋಡಿದವರಿಗೆ ತಂತ್ರಜ್ಞಾನ ಶಾಲೆಗೆ ಯಾವ ಬಾಗಿಲಿನಿಂದ ಮೊದಲು ಬಂದಿತೆಂಬುದು ತಿಳಿಯುತ್ತದೆ: ಅದು ಬಂದದ್ದು ಕಲಿಸುವ ಸಾಧನವಾಗಿ ಅಲ್ಲ, ಲೆಕ್ಕ ಒಪ್ಪಿಸುವ ಸಾಧನವಾಗಿ.

ಇದರ ಮೇಲೆ ಮತಗಟ್ಟೆ ಅಧಿಕಾರಿಯ ಕೆಲಸ, ಜನಗಣತಿ, ಸಮೀಕ್ಷೆಗಳು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಬಳಸಿಕೊಂಡಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಹೀಗಿರುವಾಗ ಹೊಸ ಆ್ಯಪ್ ಒಂದನ್ನು ಹಿಡಿದುಕೊಂಡು ಬರುವ ಸಂಸ್ಥೆಗೆ ಶಿಕ್ಷಕರು ಮುಖ ಸಿಂಡರಿಸಿದರೆ ಅದಕ್ಕೆ ಕಾರಣವಿದೆ. ಅವರ ಹಳೆಯ ಒಂದು ಕೆಲಸವನ್ನು ಇಳಿಸದೆ ಹೊಸದೊಂದನ್ನು ಹೊರಿಸುವ ಯಾವ ಯೋಜನೆಯೂ ಎರಡನೇ ವರ್ಷ ಕಾಣುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಒಂದರಿಂದ ಮೂರನೇ ತರಗತಿಗೆ ಸ್ಮಾರ್ಟ್ ಬೋರ್ಡ್ ಹಾಕಿಸಬಹುದೇ?

ಬೇಡವೆಂಬುದು ನಮ್ಮ ಸಲಹೆ. ಈ ತರಗತಿಗಳಲ್ಲಿ ನಡೆಯುವುದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು, ಗುಂಪು ಗುಂಪಾಗಿ ನೆಲದ ಮೇಲೆ ಕೂತು, ತಮ್ಮ ತಮ್ಮ ಕಲಿಕೆಯ ಏಣಿಯಲ್ಲಿ ಬೇರೆ ಬೇರೆ ಮೆಟ್ಟಿಲುಗಳ ಮೇಲಿರುತ್ತಾರೆ. ಗೋಡೆಗೊಂದು ದೊಡ್ಡ ಪರದೆ ಬಂದ ತಕ್ಷಣ ಎಲ್ಲರೂ ಒಂದೇ ಕಡೆ ಮುಖ ಮಾಡಿ, ಒಂದೇ ಪಾಠವನ್ನು ಒಂದೇ ವೇಗದಲ್ಲಿ ನೋಡುವಂತಾಗುತ್ತದೆ. ಕರ್ನಾಟಕ ತಾನೇ ಬೆಳೆಸಿದ ಒಳ್ಳೆಯ ಪದ್ಧತಿಯೊಂದನ್ನು ಹೀಗೆ ಹಿಂದಕ್ಕೆ ತಿರುಗಿಸುವುದಕ್ಕಿಂತ, ಆ ಹಣದಲ್ಲಿ ಕಾರ್ಡುಗಳನ್ನು ಹೊಸದಾಗಿ ಮುದ್ರಿಸಿಕೊಡುವುದು ಮೇಲು.

ಕಂಪ್ಯೂಟರಿನಿಂದ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆಯೇ?

ಇದೆ, ಷರತ್ತುಗಳೊಂದಿಗೆ, ಮತ್ತು ಈ ಆಧಾರಗಳಲ್ಲಿ ಒಳ್ಳೆಯವು ಭಾರತದ ನಗರದ ಮಕ್ಕಳಿಂದಲೇ ಬಂದಿವೆ. 2000ದ ಸುಮಾರಿಗೆ ಗುಜರಾತ್ ಸರ್ಕಾರ ವಡೋದರಾದ ಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಅವುಗಳಲ್ಲಿ ಎಷ್ಟೋ ಸುಮ್ಮನೆ ಕೂತಿದ್ದವು. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ 4ನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿದರು, ಅದರಲ್ಲಿ ಒಂದು ಗಂಟೆ ಶಾಲೆಯ ವೇಳೆಯ ಹೊರಗೆ. ಗಣಿತದಲ್ಲಿ ಗಣನೀಯ ಸುಧಾರಣೆ ಕಂಡಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುತ್ತಿದ್ದ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ಕೇಂದ್ರಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು: ನಾಲ್ಕೂವರೆ ತಿಂಗಳಲ್ಲಿ ಗಣಿತವೂ ಹಿಂದಿಯೂ ಸುಧಾರಿಸಿದ್ದವು. ಅಲ್ಲಿನ ತಂತ್ರಾಂಶ ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆಯೋ ಅಲ್ಲಿಂದ ಆರಂಭಿಸುತ್ತಿತ್ತು.

ಇದಕ್ಕೆ ಎದುರಾಗಿ, ಗುಜರಾತ್‌ನಲ್ಲೇ ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಶಿಕ್ಷಕರ ಪಾಠದ ಅವಧಿಯನ್ನೇ ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು. ಒಳ್ಳೆಯ ಪಾಠದ ಮೇಲೆ ಹೆಚ್ಚುವರಿಯಾಗಿ ಸಿಗುವ ಗಂಟೆ ಫಲ ಕೊಡುತ್ತದೆ, ಪಾಠದ ಜಾಗಕ್ಕೆ ಬರುವ ಗಂಟೆ ಕೆಡಿಸುತ್ತದೆ. ವೇಳಾಪಟ್ಟಿ ಹಾಕುವವರು ಇದನ್ನು ನೆನಪಿಡಬೇಕು.

ಹತ್ತು ಕಂಪ್ಯೂಟರಿಗೆ ಐವತ್ತು ಮಕ್ಕಳಿದ್ದರೆ ಹೇಗೆ ನಡೆಸುವುದು?

ಒಂದು ಯಂತ್ರದ ಸುತ್ತ ಐದಾರು ಮಕ್ಕಳು ಮುಗಿಬಿದ್ದಾಗ ಮೌಸ್ ಯಾರ ಕೈಯಲ್ಲಿದೆ ಎಂದು ನೋಡಿ. ಸಾಮಾನ್ಯವಾಗಿ ಅದು ಜೋರಿನ ಹುಡುಗನ ಕೈಯಲ್ಲಿರುತ್ತದೆ. ಉಳಿದವರು ಹಿಂದಿನಿಂದ ಇಣುಕುತ್ತಾರೆ. ಹುಡುಗಿಯರು ಇಣುಕುವುದನ್ನೂ ಬಿಟ್ಟು ಮಾತಿಗೆ ಕೂರುತ್ತಾರೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಇದನ್ನೇ ಗಮನಿಸಿ, 2000ದ ದಶಕದ ನಡುವೆ ಒಂದೇ ಪರದೆಗೆ ಹಲವು ಮೌಸ್‌ಗಳನ್ನು ಜೋಡಿಸುವ ‘ಮಲ್ಟಿಪಾಯಿಂಟ್’ ಎಂಬ ಉಪಾಯ ಮಾಡಿದರು. ಆ ಕೇಂದ್ರದಲ್ಲಿದ್ದ ಕೆಂಟಾರೊ ತೊಯಾಮ ಮುಂದೆ ತಳೆದ ನಿಲುವು ಇದು: ತಂತ್ರಜ್ಞಾನ ಇರುವುದನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಚೆನ್ನಾಗಿ ನಡೆಯುವ ಶಾಲೆ ಅದರಿಂದ ಇನ್ನೂ ಚೆನ್ನಾಗುತ್ತದೆ, ಎಡವುತ್ತಿರುವ ಶಾಲೆಗೆ ಅದೊಂದು ಹೊಸ ಎಡರು.

ಉಪಕರಣವಿಲ್ಲದೆಯೂ ಮಾಡಬಹುದಾದ ಕೆಲಸವಿದೆ. ಅರ್ಧ ತರಗತಿ ಲ್ಯಾಬಿನಲ್ಲಿ, ಉಳಿದರ್ಧ ಬರವಣಿಗೆಯಲ್ಲಿ. ಯಂತ್ರಕ್ಕೆ ಇಬ್ಬರು ಮೂವರಂತೆ ಕೂರಿಸಿ ಹದಿನೈದು ನಿಮಿಷಕ್ಕೊಮ್ಮೆ ಮೌಸ್ ಬದಲಿಸುವುದು. ಹುಡುಗಿಯರಿಗೆ ಪ್ರತ್ಯೇಕ ಪಾಳಿ. ಇದಕ್ಕೆ ಎರಡನೇ ಶಿಕ್ಷಕರು ಬೇಕು, ಅಲ್ಲೇ ಗಂಟು.

ಹಾಗಾದರೆ ಮಗುವಿಗೊಂದು ಟ್ಯಾಬ್ ಕೊಟ್ಟುಬಿಟ್ಟರೆ?

ಅಮೆರಿಕದ ಲಾಸ್ ಏಂಜಲೀಸ್ ನಗರದ ಸರ್ಕಾರಿ ಶಾಲಾ ಮಂಡಳಿ 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಕೊಡಲು ಹೊರಟಿತು. ಕೆಲವೇ ದಿನಗಳಲ್ಲಿ ಮಕ್ಕಳು ಅದರ ರಕ್ಷಣಾ ವ್ಯವಸ್ಥೆಯನ್ನು ಅಳಿಸಿಹಾಕಿದರು, ಪಠ್ಯಸಾಮಗ್ರಿ ಅರ್ಧಂಬರ್ಧವಿತ್ತು, ಖರೀದಿಯ ರೀತಿಯ ಬಗ್ಗೆ ತಕರಾರು ಎದ್ದು 2014ರಲ್ಲಿ ಗುತ್ತಿಗೆಯನ್ನೇ ನಿಲ್ಲಿಸಲಾಯಿತು. ಹಣಕ್ಕೂ ತಂತ್ರಜ್ಞರಿಗೂ ಬರವಿಲ್ಲದ ಊರಿನ ಕಥೆ ಇದು. ಪೆರುವಿನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಗ್ರಾಮೀಣ ಶಾಲೆಗಳ ಕುರಿತ 2012ರ ಅಧ್ಯಯನದಲ್ಲಿ ಗಣಿತವಾಗಲಿ ಭಾಷೆಯಾಗಲಿ ಸುಧಾರಿಸಿದ್ದು ಕಾಣಲಿಲ್ಲ.

ಕನ್ನಡದಲ್ಲಿ ಸಾಮಗ್ರಿ ಸಾಕಷ್ಟಿದೆಯೇ?

2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ದೀಕ್ಷಾ’ ಆನ್‌ಲೈನ್ ವೇದಿಕೆಯಲ್ಲಿ ಪಠ್ಯಪುಸ್ತಕಕ್ಕೆ ಜೋಡಿಸಿದ ಕನ್ನಡ ಸಾಮಗ್ರಿಯಿದೆ. ಶಿಕ್ಷಕರೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಇದೆ. ಕೊರತೆ ಇರುವುದು ಬೇರೆಡೆ. ಮಾರುಕಟ್ಟೆಯ ಒಳ್ಳೆಯ ಕಲಿಕಾ ತಂತ್ರಾಂಶಗಳು ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಹಿಂದಿಯಲ್ಲಿ ಬಂದು, ಕನ್ನಡಕ್ಕೆ ಬರುವಾಗ ‘ಮೇಲಿನವುಗಳಲ್ಲಿ ಯಾವುದು ಸತ್ಯವಲ್ಲ ಆಯ್ಕೆಯನ್ನು ಆರಿಸಿ’ ಎಂಬಂಥ ವಾಕ್ಯಗಳನ್ನು ಹೊತ್ತು ಬರುತ್ತವೆ. ಬೆಂಗಳೂರಿನ ಉರ್ದು, ತಮಿಳು, ತೆಲುಗು ಮಾಧ್ಯಮದ ಮಕ್ಕಳಿಗೆ ಅಷ್ಟೂ ಇಲ್ಲ.

ಟೈಪಿಂಗಿನದು ಇನ್ನೊಂದು ತಾಪತ್ರಯ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಶಾಲೆಯ ಹೊಸ ಕೆಲಸವನ್ನೆಲ್ಲ ಯಾವ ಯಂತ್ರದಲ್ಲೂ ಸರಿಯಾಗಿ ತೆರೆದುಕೊಳ್ಳುವ ಯುನಿಕೋಡ್‌ನಲ್ಲೇ ಮಾಡಿಸಿ, ಹಳೆಯದನ್ನು ಪರಿವರ್ತಕದಿಂದ ಬದಲಾಯಿಸಿಟ್ಟುಕೊಳ್ಳುವುದು ಒಂದು ಸಲದ ಶ್ರಮ.

ಯಾವ ತಂತ್ರಾಂಶ ಹಾಕಿಸಬೇಕು?

ಲೈಸನ್ಸ್ ನವೀಕರಣಕ್ಕೆ ಹಣವಿಲ್ಲದ ಶಾಲೆಗೆ ಮುಕ್ತ ತಂತ್ರಾಂಶವೇ, ಅಂದರೆ ಲೈಸನ್ಸ್ ಶುಲ್ಕವಿಲ್ಲದೆ ಯಾರೂ ಬಳಸಬಹುದಾದದ್ದೇ, ಸರಿ. ಕೇರಳ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್, ಈಗಿನ ‘ಕೈಟ್’, ಶಾಲೆಗಳ ಕಂಪ್ಯೂಟರುಗಳನ್ನು ಅಂಥದೇ ಲಿನಕ್ಸ್ ಮೇಲೆ ನಡೆಸುತ್ತಿದೆ. ಶಾಲೆಯ ಶಿಕ್ಷಕರನ್ನೇ ಮಾಸ್ಟರ್ ಟ್ರೈನರ್‌ಗಳಾಗಿ ಬೆಳೆಸಿದ್ದು, ದುರಸ್ತಿಯ ದೂರಿಗೆ ಒಂದೇ ಸರ್ಕಾರಿ ಸಂಸ್ಥೆ ಹೊಣೆಯಾದದ್ದು ಅದರ ಬಲ. ನಮ್ಮಲ್ಲಿ ದೂರು ಕೊಡುವ ಕಡೆ ಸಿಗುವ ಉತ್ತರ, ವಾರಂಟಿ ಮುಗಿದಿದೆ ಎಂಬುದು.

ಮನೆಯಲ್ಲಿ ಮೊಬೈಲ್ ಇದೆಯಲ್ಲ, ಅದರಲ್ಲೇ ಪಾಠ ಕಳಿಸಬಾರದೇ?

ಮೊಬೈಲ್ ಇರುವುದು ಅಪ್ಪನ ಜೇಬಿನಲ್ಲಿ, ಅಪ್ಪ ಮನೆಗೆ ಬರುವುದು ರಾತ್ರಿ ಎಂಟರ ಮೇಲೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ಇದು ಚೆನ್ನಾಗಿ ಮನವರಿಕೆಯಾಯಿತು. ಆ ವರ್ಷ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ನಿಷೇಧಿಸಿ, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೆ ಸರ್ಕಾರಿ ಶಾಲೆಯ ಮಕ್ಕಳನ್ನು ತಲುಪಿದ್ದು ಬಹುಮಟ್ಟಿಗೆ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮತ್ತು ಶಿಕ್ಷಕರೇ ಬಡಾವಣೆಗಳಿಗೆ ಹೋಗಿ ಮರದಡಿ, ದೇವಸ್ಥಾನದ ಜಗಲಿಯಲ್ಲಿ ಕಲಿಸಿದ ‘ವಿದ್ಯಾಗಮ’. ಎರಡನೆಯದನ್ನು ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು.

ಮಕ್ಕಳ ಮಾಹಿತಿಯನ್ನು ಆ್ಯಪ್ ಕಂಪನಿಗೆ ಕೊಡಬಹುದೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಕೇಳುತ್ತದೆ; ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. 2025ರ ನಿಯಮಗಳಲ್ಲಿ ಶಾಲೆಗಳಿಗೆ ಇರುವ ವಿನಾಯಿತಿ ಶೈಕ್ಷಣಿಕ ಕೆಲಸ ಮತ್ತು ಮಕ್ಕಳ ಸುರಕ್ಷತೆಗೆ ಸೀಮಿತ. ಸಹಿ ಹಾಕಲು ಬಾರದ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಇಂಗ್ಲಿಷ್ ಫಾರಂ ಒಪ್ಪಿಗೆ ಎನಿಸುವುದಿಲ್ಲ. ಪೋಷಕರ ಸಭೆಯಲ್ಲಿ ಅವರ ಭಾಷೆಯಲ್ಲಿ ಓದಿ ಹೇಳಬೇಕು.

ಸಿಎಸ್‌ಆರ್ ಹಣದಲ್ಲಿ ಕೊಡುವ ಕಂಪನಿಗಳೊಡನೆ ಒಪ್ಪಂದದಲ್ಲಿ ಏನೇನಿರಬೇಕು?

2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು; ಸಿಎಸ್‌ಆರ್ ಎಂದರೆ ಇದೇ. ಆರ್ಥಿಕ ವರ್ಷದ ಕೊನೆಗೆ ಖರ್ಚು ತೋರಿಸುವ ಅವಸರ ಬರುವುದರಿಂದ ಫೆಬ್ರುವರಿ, ಮಾರ್ಚ್‌ನಲ್ಲಿ, ಅಂದರೆ ಮಕ್ಕಳು ಪರೀಕ್ಷೆ ಬರೆಯುವ ಹೊತ್ತಿಗೆ, ಪೆಟ್ಟಿಗೆಗಳು ಬಂದಿಳಿಯುತ್ತವೆ. ಒಂದು ಫೋಟೋ, ಒಂದು ರಿಬ್ಬನ್, ಆಮೇಲೆ ಎರಡು ತಿಂಗಳ ರಜೆ. ಮುಖ್ಯ ಶಿಕ್ಷಕರು ಸಂಕೋಚವಿಲ್ಲದೆ ಕೇಳಬೇಕಾದದ್ದು ಹೀಗಿದೆ: ಪೂರೈಕೆ ಜೂನ್‌ಗೆ ಮೊದಲು ಮುಗಿದು, ತರಬೇತಿ ಶಾಲೆ ಆರಂಭವಾದ ಮೇಲೆ ನಡೆಯಬೇಕು, ಕೆಟ್ಟರೆ ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು, ಎಷ್ಟು ದಿನದೊಳಗೆ ಬರುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು, ಒಟ್ಟು ಮೊತ್ತದ ಒಂದು ಪಾಲನ್ನು ನಾಲ್ಕನೇ, ಐದನೇ ವರ್ಷದ ದುರಸ್ತಿಗೆ ತೆಗೆದಿಡಬೇಕು. ಈ ಕೊನೆಯ ಷರತ್ತಿಗೆ ಒಪ್ಪದ ದಾನಿಯಿಂದ ಇಪ್ಪತ್ತರ ಬದಲು ಹತ್ತೇ ಯಂತ್ರ ಪಡೆದು ಉಳಿದ ಹಣಕ್ಕೆ ವಾರ್ಷಿಕ ನಿರ್ವಹಣಾ ಕರಾರು ಮಾಡಿಸಿಕೊಳ್ಳುವುದು ಜಾಣತನ.

ನಮ್ಮ ಕಂಪನಿಯ ಹಳೇ ಕಂಪ್ಯೂಟರ್‌ಗಳನ್ನು ಶಾಲೆಗೆ ಕೊಡಬಹುದೇ?

ಇನ್ನೂ ಮೂರು ವರ್ಷ ಬಾಳುವಂಥವನ್ನು, ಹೊಸ ಬ್ಯಾಟರಿ ಮತ್ತು ಕೀಬೋರ್ಡ್ ಹಾಕಿ, ತಂತ್ರಾಂಶ ಸಹಿತ ಕೊಟ್ಟರೆ ಸ್ವಾಗತ. ಇಲ್ಲದಿದ್ದರೆ ನೀವು 2022ರ ಇ-ತ್ಯಾಜ್ಯ ನಿಯಮಗಳಂತೆ ಅಧಿಕೃತ ಮರುಬಳಕೆದಾರರಿಗೆ ಕೊಡಬೇಕಾದ ಕಸವನ್ನು ಶಾಲೆಗೆ ದಾಟಿಸಿದಂತಾಗುತ್ತದೆ. ಶಾಲೆಗೆ ಅದನ್ನು ಹೊರಹಾಕುವುದು ನಿಮ್ಮಷ್ಟು ಸುಲಭವಲ್ಲ. ದಾಸ್ತಾನಿಗೆ ಏರಿದ ವಸ್ತುವನ್ನು ನಿರುಪಯುಕ್ತವೆಂದು ಘೋಷಿಸಲು ಮೇಲಧಿಕಾರಿಗಳ ಅನುಮತಿ ಬೇಕು, ಆ ಕಡತ ಕದಲುವವರೆಗೂ ಒಂದು ಮೌಸನ್ನೂ ಎಸೆಯುವಂತಿಲ್ಲ. ಹೊಸ ಲ್ಯಾಬ್ ಕೇಳುವ ಶಾಲೆಗಳು ಮೊದಲು ಹಳೆಯ ಲ್ಯಾಬಿನ ಸಾಮಾನುಗಳ ಪಟ್ಟಿ ಮಾಡಿ, ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆದು, ವಿಲೇವಾರಿಯ ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.